ಬಿಸಿಲಿಗಿಟ್ಟ ಸಿಗಾರ್

ಹದಿಮೂರನೆಯ ದಿನ ಊಟಕ್ಕೆ ಮೊದಲು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ನಮ್ಮ ಕಡೆ ಉತ್ತರಕ್ರಿಯೆಯ ದಿನ ತೀರಿಕೊಂಡವರ ಬಗ್ಗೆ ಯಾರಾದರೂ ನಾಲ್ಕು ಮಾತು ಆಡಲೇಬೇಕು, ನುಡಿನಮನ ಎಂದು ಅದಕ್ಕೆ ಹೆಸರು. ಒಂದೇ ಅಡಿಕೆ ಅಂಗಡಿಯಲ್ಲಿ ಮೂವತ್ತು ವರ್ಷ ಅವರ ಜೊತೆ ದುಡಿದವನು ನಾನು, ನಾನಲ್ಲದೆ ಬೇರೆ ಯಾರು ಮಾತಾಡಬೇಕು? ಹೂ ಹಾಕಿದ ಫೋಟೋದ ಪಕ್ಕ ನಿಂತು ಚೆನ್ನಾಗಿಯೇ ಮಾತಾಡಿದೆ. ಅವರ ಮೂಗಿನ ಬಗ್ಗೆ ಹೇಳಿದೆ, ಜನ ನಕ್ಕರು. ಅವರ ಒಳ್ಳೆಯತನದ ಬಗ್ಗೆ ಹೇಳಿದೆ, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇಳಿದು ಬಂದಾಗ ಯಾರೋ ಬೆನ್ನು ತಟ್ಟಿ, ಮನಸ್ಸಿನಿಂದ ಬಂದ ಮಾತು ಎಂದರು. ಮನಸ್ಸಂತೆ, ಮಣ್ಣಂತೆ! ಹೇಳಬೇಕಾದ ಒಂದೇ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಅದನ್ನು ಈಗ ಬರೆಯುತ್ತೇನೆ, ಮೈಕಿನಲ್ಲಿ ಬಾರದ್ದು ಪೆನ್ನಿನಲ್ಲಾದರೂ ಬರಲಿ.

ಅವರ ಹೆಸರು ಬರೆಯುವುದಿಲ್ಲ. ಬರೆಯದಿದ್ದರೂ ಪುತ್ತೂರು, ಸುಳ್ಯ, ಕಡಬದ ಅಡಿಕೆಯವರಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತದೆ, ಅದು ಬೇರೆ ವಿಷಯ. ಕಾಣಿಯೂರಿನಿಂದ ದಿನಾ ಬೆಳಗಿನ ಬಸ್ಸಿಗೆ ಪುತ್ತೂರಿಗೆ ಬಂದು, ನಮ್ಮ ಧಣಿಗಳ ಅಂಗಡಿಯ ಜಗಲಿಯಲ್ಲಿ, ಗಾಳಿ ಬಡಿಯದ ಒಂದು ಮೂಲೆಯಲ್ಲಿ ಕೂರುತ್ತಿದ್ದರು. ಕೈಯಲ್ಲಿ ಅಡಕತ್ತರಿ. ಬೆಳೆಗಾರರು ತಂದ ಗೋಣಿಯಿಂದ ಒಂದು ಹಿಡಿ ಅಡಿಕೆ ತೆಗೆದು, ಒಂದನ್ನು ಕತ್ತರಿಸಿ, ಮೂಗಿನ ಹತ್ತಿರ ಹಿಡಿದು, ಇದು ಹೊಸತು, ಇದು ಒಂದು ವರ್ಷ ಹಳೆಯದು, ಇದು ಎರಡು ವರ್ಷದ್ದು ಎಂದು ಹೇಳುವುದು ಅವರ ಕೆಲಸ. ಅಡಿಕೆ ಹಳತಾದಷ್ಟೂ ಬೆಲೆ ಜಾಸ್ತಿ. ಹಾಗಾಗಿ ಹೊಸತನ್ನು ಹಳತು ಎಂದು ಹೇಳಿ ತರುವವರು ಯಾವ ಕಾಲಕ್ಕೂ ಇದ್ದಾರೆ. ಅವರ ಮೂಗಿನ ಮುಂದೆ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ನಾವು ಅಂಗಡಿಯವರು ಹಿಂದಿನಿಂದ ಅವರನ್ನು ಮೂಗಣ್ಣ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಸ್ವಲ್ಪ ಖುಷಿಯೂ ಇತ್ತು ಎಂದು ಕಾಣುತ್ತದೆ.

ನನ್ನ ಕೆಲಸ ಒಣಗಿಸುವುದು. ತೇವ ಇದ್ದ ಅಡಿಕೆ, ಬೂಷ್ಟು ಹಿಡಿದ ಅಡಿಕೆ, ಮಳೆಗೆ ಸಿಕ್ಕಿದ ಅಡಿಕೆ, ಎಲ್ಲ ನನ್ನ ಅಂಗಳಕ್ಕೆ. ಅಂಗಡಿಯ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದೆಸಿದ ಒಂದು ಗೂಡು ಉಂಟು, ಒಳಗೆ ಹೊಕ್ಕರೆ ತಲೆಯ ಮೆದುಳು ಕುದಿಯುವಷ್ಟು ಸೆಕೆ. ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲ ಎಂದು ನಂಬಿ ಬದುಕಿದವನು ನಾನು. ಆ ನಂಬಿಕೆಯಿಂದಲೇ ಕೆಟ್ಟೆ.

ಈಶ್ವರಮಂಗಲದ ಕಡೆಯ ಒಬ್ಬರು ಒಮ್ಮೆ ಗೋಣಿ ಇಳಿಸಿದರು. ನಮ್ಮ ಮೂಗಣ್ಣ ಒಂದನ್ನು ಕತ್ತರಿಸಿ ಮೂಸಿ, ಅಡಿಕೆ ಹಳತೇ, ಆದರೆ ಅಟ್ಟದಲ್ಲಿ ಇದರ ಪಕ್ಕ ಕೊಬ್ಬರಿ ಇಟ್ಟಿದ್ದೀರಿ ಎಂದರು. ಆ ಮನುಷ್ಯ ಬಾಯಿ ಬಿಟ್ಟುಕೊಂಡು ನಿಂತ. ಇನ್ನೊಬ್ಬರು ಗೋಣಿಯ ಮೇಲೆ ಹಳತು, ತಳದಲ್ಲಿ ಹೊಸತು ತುಂಬಿ ತಂದಿದ್ದರು. ನಾನಾಗಿದ್ದರೆ ಪೇಟೆಗೆಲ್ಲ ಕೇಳುವ ಹಾಗೆ ಮಾನ ಕಳೆಯುತ್ತಿದ್ದೆ. ಇವರು ಮೆಲ್ಲ, ಮನೆಯಲ್ಲಿ ಗೋಣಿ ಬದಲಾಗಿದೆ ಕಾಣ್ತದೆ, ಒಮ್ಮೆ ಕೇಳಿ ಬನ್ನಿ ಎಂದರು. ಆ ಬೆಳೆಗಾರರು ಗೋಣಿ ಹೊತ್ತುಕೊಂಡು ಹೋದರು, ಮರುವಾರ ಸರಿಯಾದದ್ದನ್ನು ತಂದರು. ಸುಳ್ಳು ಹೇಳಿದವನಿಗೆ ವಾಪಸು ಬರಲು ಒಂದು ದಾರಿ ಬಿಡುವುದು ಅವರ ರೀತಿ. ನಾನು ಬಾಯಿ ಬಿಟ್ಟಿದ್ದರೆ ನನಗೂ ಬಿಡುತ್ತಿದ್ದರು.

ಮೂಗಿಗೋಸ್ಕರ ಅವರು ಮಾಡುತ್ತಿದ್ದ ಮಡಿ ಒಂದೆರಡಲ್ಲ. ಪರಿಮಳದ ಸಾಬೂನು ಮುಟ್ಟುತ್ತಿರಲಿಲ್ಲ, ಕಡಲೆ ಹಿಟ್ಟಿನಲ್ಲೇ ಸ್ನಾನ. ಬೀಡಿ, ಸಿಗರೇಟು ಸುದ್ದಿಯೇ ಇಲ್ಲ. ಎಲೆ ಅಡಿಕೆ ಹಾಕಿದರೂ ಹೊಗೆಸೊಪ್ಪು ಇಲ್ಲ. ಒಮ್ಮೆ ಮದುವೆಗೆ ಹೋಗುವ ಅವಸರದಲ್ಲಿ ನಾನು ಮುಖಕ್ಕೆ ಪೌಡರ್ ಬಳಿದುಕೊಂಡು ಬಂದಿದ್ದೆ. ಕತ್ತು ಎತ್ತದೆ, "ನೀನು ಇವತ್ತು ಅಂಗಳದಲ್ಲೇ ಇರು ಮಾರಾಯ, ನಿನ್ನಿಂದಾಗಿ ಈ ಅಡಿಕೆಗೆಲ್ಲ ಮಲ್ಲಿಗೆ ಪರಿಮಳ ಬರ್ತಾ ಉಂಟು" ಎಂದರು.

ಇಷ್ಟೆಲ್ಲ ಮಡಿಯ ಮನುಷ್ಯನ ಹತ್ತಿರ ಸಿಗಾರ್ ಎಲ್ಲಿಂದ ಬಂತು ಎಂದರೆ, ಅದಕ್ಕೊಬ್ಬ ಸೇಠ್ ಕಾರಣ. ಉತ್ತರದ ಕಡೆಯಿಂದ ಹಳೆ ಅಡಿಕೆ ಖರೀದಿಗೆ ಬರುತ್ತಿದ್ದವನು. ಇವರ ಮೂಗನ್ನು ಪರೀಕ್ಷೆ ಮಾಡಲು ಹತ್ತು ಬಗೆಯ ಅಡಿಕೆ ಕಲಸಿಟ್ಟು, ಹತ್ತನ್ನೂ ಇವರು ಬಿಡಿಸಿ ಹೇಳಿದ ಮೇಲೆ, ಮರುಸಲ ಬರುವಾಗ ಒಂದು ಮರದ ಪೆಟ್ಟಿಗೆ ತಂದುಕೊಟ್ಟ. ಒಳಗೆ ಸಾಲಾಗಿ ಮಲಗಿಸಿದ ಸಿಗಾರ್. ಇದೂ ನಿಮ್ಮ ಅಡಿಕೆಯ ಹಾಗೇ, ಇಟ್ಟಷ್ಟೂ ಹಣ್ಣಾಗುತ್ತದೆ, ಅವಸರ ಮಾಡಬೇಡಿ ಎಂದನಂತೆ. ಆದರೆ ಅಡಿಕೆಗೆ ಒಣ ಜಾಗ ಬೇಕು, ಇದಕ್ಕೆ ತಂಪು, ಸ್ವಲ್ಪ ತೇವ ಬೇಕು. ಇವರು ಪೆಟ್ಟಿಗೆಯ ಮೂಲೆಯಲ್ಲಿ ನೀರಿನಲ್ಲಿ ಅದ್ದಿದ ಒಂದು ಹಂಚಿನ ಚೂರು ಇಟ್ಟರು. ವಾರಕ್ಕೊಮ್ಮೆ ಅದನ್ನು ಅದ್ದಿ, ಒರೆಸಿ, ಮತ್ತೆ ಇಡುವುದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ವಾರ ತಪ್ಪಿಸಲಿಲ್ಲ.

ಎರಡು ಮೂರು ವರ್ಷಕ್ಕೊಮ್ಮೆ, ಮನೆಯಲ್ಲಿ ಏನಾದರೂ ಒಳ್ಳೆಯದಾದ ಮೇಲೆ, ಒಂದನ್ನು ತೆಗೆಯುತ್ತಿದ್ದರು. ಮಗಳ ಮದುವೆಯಾಗಿ ನೆಂಟರೆಲ್ಲ ಹೊರಟ ಮೇಲೆ ಒಂದು ಮಧ್ಯಾಹ್ನ ನನ್ನನ್ನೂ ಕರೆದರು. ಕಾಣಿಯೂರು ಪೇಟೆಯ ಹಿಂದೆ ಅವರ ಸಣ್ಣ ಮನೆ. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಸಿಗಾರಿನ ಸೊಂಟದಲ್ಲಿದ್ದ ಕಾಗದದ ಉಂಗುರವನ್ನು ಹರಿಯದ ಹಾಗೆ ಜಾರಿಸಿ ತೆಗೆದು ಹೆಂಡತಿಯ ಬೆರಳಿಗೆ ಹಾಕಿದರು. ಅತ್ತಿಗೆ ನನ್ನ ಕಡೆ ನೋಡಿ, ನಲವತ್ತು ವರ್ಷದಲ್ಲಿ ಇವರು ಕೊಟ್ಟ ಚಿನ್ನ ಇದೇ ನೋಡಿ ಎಂದು ನಕ್ಕು ಒಳಗೆ ಹೋದರು. ಇವರು ಅಡಕತ್ತರಿಯಲ್ಲಿಯೇ ಸಿಗಾರಿನ ತಲೆಯನ್ನು ಚಕ್ಕೆಯಷ್ಟು ಕತ್ತರಿಸಿದರು. ಬೆಂಕಿಕಡ್ಡಿ ಗೀರಿದರೆ ಅದರ ಮದ್ದಿನ ವಾಸನೆ ಸೇರುತ್ತದೆ ಎಂದು ಬಚ್ಚಲ ಒಲೆಯಿಂದ ಹಲಸಿನ ಸಿಗುರೊಂದನ್ನು ಹೊತ್ತಿಸಿ ತಂದರು. ಸಿಗಾರನ್ನು ಬೆಂಕಿಗೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು, ತಿರುಗಿಸಿ ತಿರುಗಿಸಿ ಹೊತ್ತಿಸಿದರು. ಆಮೇಲೆ ಒಂದು ಎಳೆದು ಕಣ್ಣು ಮುಚ್ಚಿದರು.

ನನ್ನ ಕೈಗೆ ಕೊಡುವಾಗ, ನುಂಗಬೇಡ, ಬಾಯಲ್ಲಿಟ್ಟು ನೋಡಿ ಬಿಡು ಎಂದು ಹೇಳಿದ್ದರು. ನಾನು ನುಂಗಿದೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಎರಡನೆಯ ಸಲ ಸರಿಯಾಗಿ ಎಳೆದೆ. ನಾಲಿಗೆಯ ತುದಿಯಲ್ಲಿ ಮೊದಲು ಕಾಳುಮೆಣಸು ಮುಟ್ಟಿದ ಹಾಗೆ ಚುರುಕು. ಅದು ಇಳಿದ ಮೇಲೆ ಹುರಿದ ಗೇರುಬೀಜ. ಹೊಗೆ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಬಾಯಲ್ಲಿ ಏನೂ ಇಲ್ಲದಾಗ, ಓಲೆಬೆಲ್ಲದ ಒಂದು ಸಿಹಿ ಗಂಟಲಿನಿಂದ ಮೇಲೆ ಬಂತು. ನನಗೆ ಆಶ್ಚರ್ಯವಾಯಿತು. ಬೆಲ್ಲ ಎಂದೆ. ಅವರ ಮುಖ ಅರಳಿತು. ಮೊದಲನೆಯದರಲ್ಲಿ ಬರೀ ಮೆಣಸು ಇತ್ತಂತೆ, ನಾಲ್ಕನೆಯದರಲ್ಲಿ ಗೇರುಬೀಜ ಬಂತಂತೆ, ಬೆಲ್ಲ ಬರಲು ಹದಿನೈದು ವರ್ಷ ಹಿಡಿಯಿತಂತೆ. ಬೂದಿಯನ್ನು ಕೊಡವದೆ, ಅದು ಹೆಬ್ಬೆರಳಿನ ಉದ್ದ ಆಗುವವರೆಗೆ ಹಾಗೇ ಹಿಡಿದು ಕೂತಿದ್ದರು. ಅದು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ನಿನ್ನದು ದೊಡ್ಡ ಮೂಗಲ್ಲ, ಆದರೆ ಸುಳ್ಳು ಹೇಳುದಿಲ್ಲ ಎಂದರು ಕೊನೆಗೆ. ನನಗೆ ಆವತ್ತು ಬಂದ ಹೆಮ್ಮೆ ಇಷ್ಟಿಷ್ಟಲ್ಲ. ಪೆಟ್ಟಿಗೆಯಲ್ಲಿ ಇನ್ನು ಒಂದೇ ಒಂದು ಉಳಿದಿತ್ತು.

ಕೊರೊನದ ಎರಡನೆಯ ಅಲೆಯಲ್ಲಿ ಅವರಿಗೆ ಜ್ವರ ಬಂತು. ಜೀವ ಉಳಿಯಿತು, ಮೂಗು ಹೋಯಿತು. ಆಗ ಎಷ್ಟೋ ಜನಕ್ಕೆ ಹಾಗೆ ಆಗಿತ್ತು. ತಿಂಗಳೊಳಗೆ ವಾಪಸು ಬಂತು ಎಂದವರೂ ಇದ್ದರು. ನಮಗೆ ವಾಸನೆ ಹೋದರೆ ಸಾರಿಗೆ ಒಗ್ಗರಣೆ ಸಾಕೋ ಸಾಲದೋ ಗೊತ್ತಾಗುವುದಿಲ್ಲ, ಅಷ್ಟೆ. ಅವರಿಗೆ ಅದು ಅನ್ನ, ಅದು ಮರ್ಯಾದೆ, ಅದೇ ಬದುಕು. ಸುಧಾರಿಸಿಕೊಳ್ಳಲು ಸುಳ್ಯದಲ್ಲಿ ಮಗಳ ಮನೆಗೆ ಗಂಡ ಹೆಂಡತಿ ಹೊರಟಾಗ ನನ್ನನ್ನು ಕರೆಸಿ ಪೆಟ್ಟಿಗೆಯನ್ನು ಕೈಗಿಟ್ಟರು.

"ವಾರಕ್ಕೊಮ್ಮೆ ಹಂಚಿನ ಚೂರು ಅದ್ದಿ ಇಡು, ಬೇರೆ ಎಂತದೂ ಮಾಡುದು ಬೇಡ. ನಾನು ಬಂದು ಇದನ್ನು ಸೇದಿ ನೋಡ್ತೇನೆ. ಅಡಿಕೆಯಾದರೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಅಭ್ಯಾಸದಲ್ಲಿ ಹೇಳಿಬಿಟ್ಟೇನು. ನನಗೆ ನಾನೇ ಮೋಸ ಮಾಡಿಕೊಂಡ ಹಾಗೆ ಆಗ್ತದೆ. ಇದರಲ್ಲಿ ಹಾಗೆ ಆಗುದಿಲ್ಲ. ಬೆಲ್ಲ ಬಂದರೆ ಮೂಗು ಬಂತು, ಬರದಿದ್ದರೆ ಇಲ್ಲ. ಇಲ್ಲದಿದ್ದರೆ ಅಂಗಡಿಯಲ್ಲಿ ಕೂರುದಿಲ್ಲ."

ಮಳೆಗಾಲ ಇಡೀ ನಾನು ತಪ್ಪದೆ ಅದ್ದಿ ಇಟ್ಟೆ. ಚೌತಿಗೆ ಮುಂಚೆ, ಸೋಣ ತಿಂಗಳಲ್ಲಿ ಒಂದು ದಿನ ಮುಚ್ಚಳ ತೆಗೆದು ನೋಡಿದರೆ, ಸಿಗಾರಿನ ಮೈಮೇಲೆ ಬೆಳ್ಳಗೆ ಹುಡಿ ಕೂತಿದೆ! ಅಷ್ಟು ವರ್ಷದ ವಸ್ತು ನನ್ನ ಮನೆಯಲ್ಲಿ ಬೂಷ್ಟು ಹಿಡಿಯಿತಲ್ಲ ಎಂದುಕೊಂಡೆ. ತೇವದಲ್ಲಿ ಇಟ್ಟರೆ ಇನ್ನೇನು ಆಗುತ್ತದೆ, ಈ ಹಂಚಿನ ಚೂರೇ ಶನಿ ಎಂದು ಅದನ್ನು ತೆಗೆದು ಆಚೆ ಎಸೆದೆ. ಸುಳ್ಯಕ್ಕೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಮೂವತ್ತು ವರ್ಷ ಬೂಷ್ಟಿನ ಜೊತೆ ಗುದ್ದಾಡಿದವನಿಗೆ ಕೇಳಲು ಏನುಂಟು? ಬಟ್ಟೆಯಲ್ಲಿ ಒರೆಸಿದೆ. ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿದ್ದಿತ್ತು. ಅಂಗಡಿಯ ಗೂಡಿನಲ್ಲಿ, ಹಣ್ಣಡಿಕೆಯ ಪಕ್ಕ, ಒಂದು ತಟ್ಟೆಯಲ್ಲಿ ಮೂರು ದಿನ ಒಣಗಿಸಿದೆ. ದಿನಕ್ಕೆರಡು ಸಲ ಮಗುಚಿಯೂ ಹಾಕಿದೆ, ಬುದ್ಧಿವಂತ! ನಾಲ್ಕನೆಯ ದಿನ ಕೈಗೆತ್ತಿದಾಗ ಅದು ಹತ್ತಿಯಷ್ಟು ಹಗುರ ಆಗಿತ್ತು, ಒತ್ತಿದರೆ ಕರಕರ ಶಬ್ದ. ಅಡಿಕೆಯಾಗಿದ್ದರೆ ನಾನು ಖುಷಿಪಡುತ್ತಿದ್ದೆ. ಇದು ಅಡಿಕೆಯಲ್ಲ. ಬೇರೊಂದು ಹಂಚಿನ ಚೂರು ಅದ್ದಿಟ್ಟು ಮುಚ್ಚಳ ಹಾಕಿದೆ.

ಚೌತಿ ಕಳೆದು ಅವರು ಕಾಣಿಯೂರಿಗೆ ವಾಪಸಾದರು. ಒಂದು ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಅರ್ಧ ಆಗಿದ್ದರು ಮನುಷ್ಯ. ಅಂಗಿ ಮೈಮೇಲೆ ನೇತಾಡುತ್ತಿತ್ತು, ಕಣ್ಣಲ್ಲಿ ಮಾತ್ರ ಆಸೆ. ಸೋಮವಾರದಿಂದ ಬರ್ತೇನೆ ಅಂತ ಧಣಿಗಳಿಗೆ ಹೇಳಿ ಆಗಿದೆ, ಇದೊಂದು ನೋಡಿಬಿಡುವ ಎಂದರು. ಪೆಟ್ಟಿಗೆ ಬಿಚ್ಚಿದವರು ಮೊದಲು ಕೇಳಿದ್ದು, ಬಿಳಿ ಬಂದಿತ್ತಾ ಎಂದು. ಸೇಠ್ ಹೇಳಿದ್ದನಂತೆ, ತುಂಬ ಹಳತಾದದ್ದಕ್ಕೆ ಮಾತ್ರ ಬೆಳ್ಳಗೆ ಹುಡಿ ಬರುತ್ತದೆ, ಅದು ಪೂರ್ತಿ ಹಣ್ಣಾದ ಲೆಕ್ಕ, ಅದನ್ನು ನೋಡುವ ಯೋಗ ಎಲ್ಲರಿಗೂ ಇರುವುದಿಲ್ಲ ಎಂದು.

ಬಂದಿತ್ತು, ಒರೆಸಿದೆ ಎಂದೆ. ಬಿಸಿಲಿನ ಮಾತು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಒರೆಸಿದ್ದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡರು, ಆದರೆ ಬಂದಿತ್ತಲ್ಲ, ಅಷ್ಟು ಸಾಕು ಎಂದರು.

ಅಡಕತ್ತರಿ ಹಾಕಿದಾಗ ತಲೆ ಪುಡಿಯಾಗಿ ಉದುರಿತು. ಜ್ವರದ ಮೇಲೆ ಕೈ ನಡುಗುವುದರಿಂದ ಹಾಗಾಯಿತು ಎಂದು ತಿಳಿದರು. ಹಲಸಿನ ಸಿಗುರಿನ ಬೆಂಕಿ ಹತ್ತಿರ ಬಂದದ್ದೇ ತಡ, ಸೋಗೆಗೆ ಬೆಂಕಿ ಬಿದ್ದ ಹಾಗೆ ಚಟಪಟ ಹತ್ತಿಕೊಂಡಿತು. ಅವರು ಎಳೆದರು, ಕಣ್ಣು ಮುಚ್ಚಿದರು, ಕಾದರು. ಮತ್ತೆ ಎಳೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೂತಲ್ಲಿಗೇ ನನ್ನ ಮೂಗಿಗೆ ಬರುತ್ತಿತ್ತು, ಒಣಹುಲ್ಲು ಸುಟ್ಟ ಖಾರ ಹೊಗೆ.

"ನನಗೆ ಬರೀ ಬಿಸಿಲು ಬರ್ತದಲ್ಲ ಮಾರಾಯ," ಎಂದರು ಕಣ್ಣು ಬಿಟ್ಟು. "ಅಂಗಳದಲ್ಲಿ ಸೋಗೆ ಒಣಗಿದ ವಾಸನೆ. ಬೇರೆ ಎಂತದೂ ಇಲ್ಲ. ನೀನೊಮ್ಮೆ ನೋಡು, ನಿನಗೆ ಎಂತ ಬರ್ತದೆ?"

ಆ ಮೂಗು ತಪ್ಪಿರಲಿಲ್ಲ. ನನ್ನ ಗೂಡು, ನನ್ನ ಮೂರು ದಿನದ ಬಿಸಿಲು, ಎಲ್ಲವನ್ನೂ ಒಂದೇ ಎಳೆತಕ್ಕೆ ಅದು ಹಿಡಿದುಬಿಟ್ಟಿತ್ತು. ಸಂಪೂರ್ಣ ವಾಪಸು ಬಂದಿತ್ತು ಅದು. ಅಣ್ಣ, ನಿಮ್ಮ ಮೂಗು ಸರಿ ಉಂಟು, ಹಾಳು ಮಾಡಿದ್ದು ನಾನು ಎಂದು ಒಂದು ಮಾತು ಹೇಳಿದ್ದರೆ ಸೋಮವಾರ ಅವರು ತಮ್ಮ ಮೂಲೆಯಲ್ಲಿ ಕೂತಿರುತ್ತಿದ್ದರು. ನಾನು ಸಿಗಾರ್ ಇಸಿದುಕೊಂಡು ಎಳೆದೆ. ನಾಲಿಗೆ ಸುಟ್ಟಿತು, ಕಹಿ, ಬೇರೇನೂ ಇಲ್ಲ. ಒಣಗಿಸುವುದರಲ್ಲಿ ನನ್ನಂಥವನಿಲ್ಲ ಎಂದು ಹೇಳಿಕೊಂಡು ತಿರುಗಿದವನು, ಅವರ ಇಪ್ಪತ್ತು ವರ್ಷವನ್ನು ಮೂರು ದಿನದಲ್ಲಿ ಸುಟ್ಟೆ ಎಂದು ಹೇಳಲು ನಾಚಿದೆ. ಬರೀ ನಾಚಿಕೆ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

"ಬೆಲ್ಲ ಉಂಟಣ್ಣ," ಎಂದೆ. "ಕಳೆದ ಸಲದಕ್ಕಿಂತ ಒಂದು ಕೈ ಮೇಲೆಯೇ ಉಂಟು."

ಅವರು ತಲೆಯಾಡಿಸಿದರು. ಪೂರ್ತಿ ನೀನೇ ಸೇದು, ಹಾಳಾಗುದು ಬೇಡ ಎಂದರು. ನಾನು ಸೇದಿದೆ ಸ್ವಾಮಿ, ಅವರ ಎದುರು ಕೂತು, ರುಚಿ ನೋಡುವವನ ಹಾಗೆ ಕಣ್ಣು ಮುಚ್ಚಿ, ಕೊನೆಯವರೆಗೂ ಸೇದಿದೆ. ಅವರು ತೋಟದ ಕಡೆ ನೋಡುತ್ತಾ ಕೂತಿದ್ದರು.

ಸೋಮವಾರ ಬಂದರು, ಜಗಲಿ ಹತ್ತಲಿಲ್ಲ. ಧಣಿಗಳ ಹತ್ತಿರ ನಿಂತೇ ಮಾತಾಡಿ, ಅಡಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟರು. ಧಣಿಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳೆಗಾರರು ವರ್ಷದ ದುಡಿಮೆಯನ್ನು ಗೋಣಿಯಲ್ಲಿ ತುಂಬಿ ತರುತ್ತಾರೆ, ಅದಕ್ಕೆ ಅಂದಾಜಿನಲ್ಲಿ ಬೆಲೆ ಹೇಳುವುದು ಪಾಪ ಎಂದರಂತೆ. ಅಂಗಡಿಯಲ್ಲಿ ಎಲ್ಲರೂ ವಯಸ್ಸಾಯಿತು, ಜ್ವರ ಬಂದು ಹೋದದ್ದು ಎಂದು ಸಮಾಧಾನ ಮಾಡಿಕೊಂಡರು. ನಾನೂ ಹೌದು ಹೌದು ಎಂದೆ.

ಅದಾದ ಮೇಲೆ ಎರಡು ವರ್ಷ ಕಳೆದು, ಮನಸ್ಸು ಗಟ್ಟಿ ಮಾಡಿಕೊಂಡು, ಹೇಳಿಯೇ ಬಿಡುತ್ತೇನೆ ಎಂದು ಒಮ್ಮೆ ಹೋದೆ. ಜಗಲಿಯಲ್ಲಿ ಕೂತಿದ್ದರು. ಆ ಊರು ಈ ಊರಿನ ಮಾತಾಯಿತು. ಅಡಿಕೆಯ ಧಾರಣೆ ಕೇಳಿದರು. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವರೇ ಶುರು ಮಾಡಿದರು.

"ಆವತ್ತು ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ನೋಡು. ಬೇರೆ ಯಾರಾದರೂ ಆಗಿದ್ದರೆ, ನನಗೆ ಬೇಜಾರಾಗ್ತದೆ ಅಂತ, ನಂಗೂ ಎಂತ ಬರುದಿಲ್ಲ ಅಂತಿದ್ರು. ನಾನು ಅದನ್ನು ನಂಬಿ, ಸಿಗಾರೇ ಹಾಳು, ಮೂಗು ಸರಿ ಉಂಟು ಅಂತ ಅಂಗಡಿಯಲ್ಲಿ ಕೂತು ಯಾರ್ಯಾರ ಅಡಿಕೆಯನ್ನೋ ತಪ್ಪು ಹೇಳ್ತಿದ್ದೆ. ನಿನ್ನಿಂದಾಗಿ ಮರ್ಯಾದೆಯಲ್ಲಿ ಇಳಿದೆ."

ಅತ್ತಿಗೆ ಕೊಟ್ಟ ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವರು ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ನಾನು ಎಂಥ ನಾಯಿ ಎಂದು ಆವತ್ತು ಬಸ್ಸಿನಲ್ಲಿ ಕೂತು ಸರಿಯಾಗಿ ಗೊತ್ತಾಯಿತು, ಆದರೂ ತಿರುಗಿ ಹೋಗಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ನಾನು ಹೋದಾಗ ಅವರನ್ನು ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದರು.

ನುಡಿನಮನದ ನಂತರ ಒಂದು ವಾರ ನನಗೆ ಊಟ ಸೇರಲಿಲ್ಲ. ಎಂಟನೆಯ ದಿನ ಕಾಣಿಯೂರಿಗೆ ಹೋದೆ. ನೆಂಟರೆಲ್ಲ ಹೋಗಿದ್ದರು, ಮಗಳು ಒಳಗೆ ಅಡುಗೆ ಮನೆಯಲ್ಲಿದ್ದಳು. ಅತ್ತಿಗೆ ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಮೆಟ್ಟಿಲ ಮೇಲೇ ಕೂತೆ, ಮೇಲೆ ಹತ್ತಲು ಮನಸ್ಸಾಗಲಿಲ್ಲ. ಬೂಷ್ಟಿನಿಂದ ಹಿಡಿದು ಬೆಲ್ಲದವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಆರಿಸುವುದನ್ನು ನಿಲ್ಲಿಸಲಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವರಿಗೆ ಪರಿಮಳ ಬರ್ತಿತ್ತು," ಎಂದರು. "ಒಳಗೆ ಹಾಲು ತಳ ಹಿಡಿದರೆ ನನಗಿಂತ ಮೊದಲು ಜಗಲಿಯಲ್ಲಿದ್ದ ಅವರಿಗೆ ಗೊತ್ತಾಗ್ತಿತ್ತು. ಮೂಗು ಬಂದುಂಟು, ಅಂಗಡಿಗೆ ಹೋಗಿ ಅಂತ ಎಷ್ಟು ಸಲ ಹೇಳಿದೆ. ಅದು ನೆನಪು, ಮೂಗಲ್ಲ ಅಂತಿದ್ರು. ಕಡೆ ಕಡೆಗೆ ಅನ್ನ ಉಣ್ಣುವಾಗಲೂ, ಇದು ನಿಜವಾಗಿ ಬರುದಾ, ನನಗೆ ಹಾಗೆ ಕಾಣುದಾ ಅಂತ ನನ್ನ ಹತ್ತಿರ ಕೇಳ್ತಿದ್ರು."

ಗೆರಸೆಯನ್ನು ಮಡಿಲಿನಿಂದ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಲವತ್ತೈದು ವರ್ಷ ಜೊತೆಯಲ್ಲಿದ್ದವಳು ನಾನು. ನಾನು ಹೇಳಿದ್ದನ್ನು ನಂಬಲಿಲ್ಲ. ನೀವು ಹೇಳಿದ್ದನ್ನು ನಂಬಿದ್ರು."

ಅಷ್ಟು ಹೇಳಿ ಎದ್ದು ಒಳಗೆ ಹೋದರು. ನಮ್ಮ ಕಡೆ ಮನೆಗೆ ಬಂದವರಿಗೆ, ಹಗೆಯೇ ಆದರೂ, ಬಾಯಾರಿಕೆಗೆ ಒಂದು ಲೋಟ ನೀರು ತಂದಿಡುತ್ತಾರೆ. ನಾನು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಯಾರೂ ಹೊರಗೆ ಬರಲಿಲ್ಲ.